ಕೊಲ್ಲಿಯ ನಗರದಲ್ಲಿ ಎರಡು ರಾತ್ರಿ

ನಮ್ಮ ಗದಗ ಕಡೆಯ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು, ಅನಂತರ ಕುಡಿಯಲು ನೀರು, ಜೊತೆಗೆ ಒಂದು ತುಂಡು ಬೆಲ್ಲ ಕೊಡುವ ವಾಡಿಕೆಯಿದೆ. ನೀರು ತಂದವರು ಯಾರು, ರೊಟ್ಟಿ ಬಡಿದವರು ಯಾರು ಎಂಬುದೆಲ್ಲ ಬಂದವರ ಕಣ್ಣೆದುರಿಗೇ ಇರುತ್ತದೆ. ಒಲೆಯ ಮುಂದೆ ಬೆವರುವ ಗೃಹಿಣಿಯ ಮುಖವನ್ನು ಕಂಡೇ ನಾವು ‘ಸಾಕು ತಾಯಿ’ ಎಂದು ಕೈ ಅಡ್ಡ ಹಿಡಿಯುತ್ತೇವೆ. ಅರವತ್ತೈದು ವರುಷಗಳ ಕಾಲ ಇಂತಹ ಆತಿಥ್ಯವನ್ನು ಮಾತ್ರ ಬಲ್ಲವನಾಗಿದ್ದ ನಾನು, ದುಡಿಯುವವರ ಮುಖ ಕಾಣದ ಇನ್ನೊಂದು ಬಗೆಯ ಆತಿಥ್ಯವನ್ನು ದುಬೈ ನಗರದ ಒಂದು ವೈಭವದ ಹೋಟೆಲಿನಲ್ಲಿ ಎರಡು ರಾತ್ರಿ ಅನುಭವಿಸಿ ಬಂದೆ. ಅಲ್ಲಿ ನಾನು ತಿಳಿದುಕೊಂಡದ್ದು ಹೋಟೆಲಿನ ವಿಷಯಕ್ಕಿಂತ ಹೆಚ್ಚಾಗಿ ನನ್ನ ಮಗನ ವಿಷಯ, ಅದಕ್ಕಿಂತಲೂ ಹೆಚ್ಚಾಗಿ ನನ್ನ ವಿಷಯ. ಹೊರದೇಶಕ್ಕೆ ಮಕ್ಕಳನ್ನು ಕಳಿಸಿರುವ ಅನೇಕ ಮನೆತನಗಳು ಈ ಪತ್ರಿಕೆಯ ಓದುಗರಲ್ಲಿ ಇರುವುದರಿಂದ ಸಂಕೋಚವನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸಮಾಜ ವಿಜ್ಞಾನ ನನ್ನ ವಿಷಯ. ನಮಗಿಬ್ಬರು ಮಕ್ಕಳು. ಮಗಳು ಹಿರಿಯಳು. ಮಗನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 2010ರಲ್ಲಿ ದುಬೈಗೆ ಹೋದನು. ‘ನಮ್ಮ ಹುಡುಗ ದುಬೈದಾಗ ಎಂಜಿನಿಯರ್ ಇದ್ದಾನ’ ಎಂದು ಹೇಳಿಕೊಳ್ಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತಿದ್ದುದು ಸುಳ್ಳಲ್ಲ. 2023ರ ಫೆಬ್ರುವರಿಗೆ ನಮ್ಮ ಮದುವೆಯಾಗಿ ನಲವತ್ತು ವರುಷ ತುಂಬುವುದಿತ್ತು. ಮಗ, ಸೊಸೆ ಇಬ್ಬರೂ ಹಟ ಹಿಡಿದು ನಮ್ಮನ್ನು ಕರೆಸಿಕೊಂಡರು. ಬೆಂಗಳೂರಿನಿಂದ ನಾಲ್ಕು ಗಂಟೆಗಳ ವಿಮಾನ ಪ್ರಯಾಣ. ಇಳಿದಾಗ ಕೈಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದೆವು.

ಮೊದಲ ವಾರ ಬರ್ ದುಬೈಯಲ್ಲಿರುವ ಅವರ ಸಣ್ಣ ಮನೆಯಲ್ಲಿಯೇ ಇದ್ದೆವು. ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಊರನ್ನು ಎರಡು ಭಾಗ ಮಾಡುವ ಖಾರಿ ಇದೆ. ಸಮುದ್ರವು ಒಳನಾಡಿಗೆ ಚಾಚಿದ ಉಪ್ಪುನೀರಿನ ಈ ಕೈಯನ್ನು ‘ಅಬ್ರಾ’ ಎಂಬ ಮರದ ದೋಣಿಯಲ್ಲಿ ಒಂದು ದಿರ್ಹಮ್ ಕೊಟ್ಟು ದಾಟಿದೆವು. ಮುತ್ತು ತೆಗೆಯುವುದೇ ಒಂದು ಕಾಲಕ್ಕೆ ಈ ಊರಿನ ಜೀವನವಾಗಿತ್ತು. ಆ ಮುತ್ತುಗಳು ಮುಂಬಯಿಯ ಪೇಟೆಗೆ ಬರುತ್ತಿದ್ದವು. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತುಗಳು ಅಗ್ಗವಾಗಿ ಬಂದು ಆ ವ್ಯಾಪಾರ ನೆಲಕಚ್ಚಿತು. ಹೂಳು ತುಂಬಿದ್ದ ಖಾರಿಯ ಹೂಳೆತ್ತುವ ಕೆಲಸ 1961ರಲ್ಲಿ ಮುಗಿದು ದೊಡ್ಡ ಹಡಗುಗಳು ಒಳಗೆ ಬರುವಂತಾಯಿತು. ಎಣ್ಣೆ ಸಿಕ್ಕಿದ್ದು 1966ರಲ್ಲಿ, ಏಳು ಸಂಸ್ಥಾನಗಳ ಒಕ್ಕೂಟ ಆರಂಭವಾದದ್ದು 1971ರಲ್ಲಿ. ಇದಕ್ಕಿಂತ ಸೋಜಿಗದ ಸಂಗತಿಯೊಂದಿದೆ. 1966ರವರೆಗೆ ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿ! 1959ರಿಂದ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸುತ್ತಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು. ಒಂದು ಕಾಲಕ್ಕೆ ನಮ್ಮ ನಾಣ್ಯವನ್ನು ನಂಬಿದ್ದ ಊರಿಗೆ ನಮ್ಮ ಮಕ್ಕಳು ಅವರ ನಾಣ್ಯವನ್ನು ಅರಸಿ ಹೋಗುವಂತಾಯಿತಲ್ಲ ಎಂದು ದೋಣಿಯಲ್ಲಿ ಕುಳಿತು ಯೋಚಿಸಿದೆ.

ಖಾರಿಯ ದಂಡೆಯ ಹಳೆಯ ಕೇರಿಯಲ್ಲಿ ಮನೆಗಳ ಮೇಲೆ ಚೌಕಾಕಾರದ ಗೋಪುರಗಳಿವೆ. ಅವು ಗಾಳಿಗೋಪುರಗಳು. ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ಪರ್ಷಿಯಾದ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ್ದಂತೆ. ಮಗ ಅವುಗಳ ಕೆಳಗೆ ಬಹಳ ಹೊತ್ತು ನಿಂತು, “ಅಪ್ಪಾ, ಇದಕ್ಕ ಕರೆಂಟೂ ಬ್ಯಾಡ, ಮೆಕ್ಯಾನಿಕ್ಕೂ ಬ್ಯಾಡ” ಎಂದು ನಕ್ಕನು. ಆ ನಗೆಯ ಅರ್ಥ ಅಂದು ನನಗಾಗಲಿಲ್ಲ.

ಮದುವೆಯ ದಿನದ ಹಿಂದಿನ ಸಂಜೆ ಅವನು, “ಅಪ್ಪಾ, ಅವ್ವಾ, ನಾಳೆ ನಾಡದು ಎರಡು ದಿನ ನೀವಿಬ್ಬರೂ ಹೋಟೆಲಿನಾಗ ಇರಬೇಕು. ಎಲ್ಲಾ ಬುಕ್ ಮಾಡೀನಿ” ಎಂದನು. ನಾನು ಬೇಡವೆಂದೆ. ಮನೆಯಿರುವಾಗ ಹೋಟೆಲೇಕೆ? ದುಡ್ಡೇಕೆ ಸುಡಬೇಕು? ಅವನೆಂದೂ ನನ್ನೆದುರು ದನಿಯೇರಿಸಿದವನಲ್ಲ. ಅಂದು ಮಾತ್ರ, “ಒಂದು ಸಲ ನನ್ನ ಮಾತು ಕೇಳ್ರಿ. ಇದು ನನಗ ಬೇಕಾಗೇತಿ” ಎಂದನು. ಆ ಮಾತಿನ ಮುಂದೆ ನಾನು ಸುಮ್ಮನಾದೆ.

ಹೋಟೆಲು ಜುಮೇರಾ ಕಡಲ ತೀರದಲ್ಲಿತ್ತು. ಅದರ ಹೆಸರು ಇಲ್ಲಿ ಬೇಕಿಲ್ಲ. ಕಾರು ನಿಲ್ಲುವ ಮೊದಲೇ ಬಾಗಿಲು ತೆರೆಯಲು ಒಬ್ಬರು, ಪೆಟ್ಟಿಗೆ ಇಳಿಸಲು ಇನ್ನೊಬ್ಬರು ಬಂದರು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಅರಬಿ ಕಾಫಿ, ಜೊತೆಗೆ ಖರ್ಜೂರ. ನನ್ನ ಹೆಂಡತಿ ಖರ್ಜೂರವನ್ನು ಕೈಯಲ್ಲಿ ಹಿಡಿದು, “ನೋಡ್ರಿ, ಇವರೂ ಬಂದವರಿಗೆ ಸಿಹಿ ಕೊಡತಾರ” ಎಂದು ಸಂತೋಷಪಟ್ಟಳು. ಅಮೃತಶಿಲೆಯ ನೆಲ ಎಷ್ಟು ನುಣುಪಾಗಿತ್ತೆಂದರೆ ಆಕೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಲು ಹೋದಳು. ಸೊಸೆ ತಡೆದಳು.

ನಮ್ಮ ಕೋಣೆಯ ಕಿಟಕಿಯಿಂದ ಬುರ್ಜ್ ಅಲ್ ಅರಬ್ ಕಾಣುತ್ತಿತ್ತು. ಹಾಯಿ ಬಿಚ್ಚಿದ ಹಡಗಿನ ಆಕಾರದ ಆ ಪ್ರಸಿದ್ಧ ಹೋಟೆಲು 321 ಮೀಟರು ಎತ್ತರವಿದ್ದು, ದಡದಿಂದ ಸುಮಾರು 280 ಮೀಟರು ದೂರದಲ್ಲಿ ಮನುಷ್ಯರೇ ಕಟ್ಟಿದ ನಡುಗಡ್ಡೆಯ ಮೇಲೆ ನಿಂತಿದೆ. 1999ರ ಡಿಸೆಂಬರಿನಲ್ಲಿ ತೆರೆದದ್ದು. ಜನ ಅದನ್ನು ಏಳು ನಕ್ಷತ್ರಗಳ ಹೋಟೆಲು ಎನ್ನುವುದುಂಟು. ವಾಸ್ತವದಲ್ಲಿ ದರ್ಜೆಗಳು ಐದಕ್ಕೇ ಮುಗಿಯುತ್ತವೆ, ಏಳು ಎಂಬುದು ಪತ್ರಿಕೆಯವರ ಹೊಗಳಿಕೆಯಿಂದ ಹುಟ್ಟಿದ ಮಾತು. ಅದರ ಒಳಗಿನ ಅಲಂಕಾರಕ್ಕೆ ಚಿನ್ನದ ತಗಡು ಬಳಸಿದ್ದಾರೆಂಬುದನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಗ ಹೇಳಿದ್ದು ಬೇರೆ. “ಅಪ್ಪಾ, ಅದರ ಕೆಳಗ ಬಂಡಿಗಲ್ಲಿನ ಆಸರಾ ಇಲ್ಲ, ಬರೇ ಉಸುಕು. 230 ಕಾಂಕ್ರೀಟು ಕಂಬ 40 ಮೀಟರು ಆಳಕ್ಕ ಇಳಿಸ್ಯಾರ. ಉಸುಕು ಆ ಕಂಬಗಳನ್ನ ಸುತ್ತಲೂ ಒತ್ತಿ ಹಿಡದದ್ದಕ್ಕ ಅಷ್ಟು ದೊಡ್ಡ ಕಟ್ಟಡ ನಿಂತೇತಿ.” ನೋಡುವವರಿಗೆ ಹಾಯಿ ಕಾಣುತ್ತದೆ, ಕಂಬ ಕಾಣುವುದಿಲ್ಲ.

ಮಕ್ಕಳು ನಮ್ಮನ್ನು ಬಿಟ್ಟು ಮನೆಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ. ಹಾಸಿಗೆ ನಮ್ಮ ಊರಿನ ಪಡಸಾಲೆಯಷ್ಟು ಅಗಲ. ಸ್ನಾನದ ತೊಟ್ಟಿ ತುಂಬಲು ಹೋದವಳು ನಲ್ಲಿಯನ್ನು ಅರ್ಧಕ್ಕೇ ನಿಲ್ಲಿಸಿದಳು. ಆ ಊರಿನಲ್ಲಿ ನದಿಯಿಲ್ಲ, ಕೆರೆಯಿಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ ಎಂದು ಮಗ ಹೇಳಿದ್ದನ್ನು ಆಕೆ ಮರೆತಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವುದನ್ನು ಕಂಡ ಹೆಣ್ಣುಮಗಳು, ಬಕೆಟಿನಷ್ಟೇ ನೀರು ಬಳಸಿ ಹೊರಗೆ ಬಂದಳು. ಬೆಳಗಿನ ಪೂಜೆಗೆ ಊದಿನಕಡ್ಡಿ ಹಚ್ಚುವಂತಿರಲಿಲ್ಲ. ಹೊಗೆ ತಗುಲಿದರೆ ಗಂಟೆ ಬಾರಿಸುವ ಯಂತ್ರ ಮೇಲ್ಛಾವಣಿಯಲ್ಲಿತ್ತು. ಅದೇನೂ ಕೊರತೆಯೆನಿಸಲಿಲ್ಲ. ಆದರೆ ಚಳಿ ಮಾತ್ರ ತಡೆಯದಾಯಿತು. ಎ.ಸಿ.ಯ ಗುಂಡಿಗಳನ್ನು ಹೇಗೆ ಒತ್ತಿದರೂ ಅದು ತಣ್ಣನೆ ಗಾಳಿಯನ್ನೇ ಊದುತ್ತಿತ್ತು. ಕೆಳಗೆ ಫೋನು ಮಾಡಲು ಸಂಕೋಚ. ಆ ವೈಭವದ ಹಾಸಿಗೆಯಲ್ಲಿ ನಾವು ಊರಿನಿಂದ ಒಯ್ದಿದ್ದ ಶಾಲು ಹೊದ್ದು ಮುದುಡಿ ಮಲಗಿದೆವು.

ಬೆಳಿಗ್ಗೆ ಆಕೆ ಎದ್ದವಳೇ ಹಾಸಿಗೆ ಸರಿಮಾಡಿ, ತೋಯ್ದ ಟವೆಲುಗಳನ್ನು ಹಿಂಡಿ ಒಣಹಾಕಿ, ನೆಲದ ಮೇಲಿನ ಕೂದಲೆಳೆಯನ್ನೂ ಆಯ್ದಳು. ಕೋಣೆ ಚೊಕ್ಕ ಮಾಡಲು ಬಂದ ನೇಪಾಳದ ಹುಡುಗ ಇದನ್ನು ಕಂಡು ಗಾಬರಿಯಾದನು. “ಮಾತಾಜೀ, ಇದು ನನ್ನ ಕೆಲಸ. ನೀವು ಮಾಡಿಟ್ಟರೆ ನಾನೇನು ಮಾಡಿದೆನೆಂದು ಮೇಲಿನವರಿಗೆ ತೋರಿಸಲಿ?” ಎಂದು ಹಿಂದಿಯಲ್ಲಿ ಕೇಳಿದನು. ಆಕೆ ಹಾಸಿದ್ದ ಹೊದಿಕೆಯನ್ನು ಪೂರ್ತಿ ತೆಗೆದು, ಅಳತೆ ಹಿಡಿದವನಂತೆ ನಾಲ್ಕು ಮೂಲೆಗಳನ್ನೂ ಮತ್ತೆ ಮಡಚಿದನು. ಆಕೆ ಅವನ ಕೈಗಳನ್ನೇ ನೋಡುತ್ತ ನಿಂತಿದ್ದಳು. ಅವನು ಹೋದ ಮೇಲೆ, “ಯಾರ ಮನಿ ಮಗನೋ. ಅವರವ್ವಗ ಇವ ಹಾಸಿಗಿ ಹಾಸ್ತಾನ ಅನ್ನೂದು ಗೊತ್ತೈತೋ ಇಲ್ಲೋ” ಎಂದಳು.

ಉಪಾಹಾರದ ಸಭಾಂಗಣದ ವರ್ಣನೆಯನ್ನು ನಾನು ಉದ್ದ ಮಾಡುವುದಿಲ್ಲ. ನೂರು ಬಗೆಯ ಪದಾರ್ಥಗಳು. ನಮಗಾಗಿ ಇಡ್ಲಿ, ಸಾಂಬಾರು ಕೂಡ ಇದ್ದವು. ಜನ ತಟ್ಟೆ ತುಂಬ ಬಡಿಸಿಕೊಂಡು ಅರ್ಧಕ್ಕರ್ಧ ಬಿಟ್ಟೇಳುತ್ತಿದ್ದರು. ಬಿಟ್ಟ ತಟ್ಟೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಎಲ್ಲವೂ ಸದ್ದಿಲ್ಲದೆ ಬರುತ್ತಿತ್ತು, ಸದ್ದಿಲ್ಲದೆ ಹೋಗುತ್ತಿತ್ತು.

ಎರಡನೆಯ ದಿನ ಸಂಜೆ ಮಗ, ಸೊಸೆ, ಮೊಮ್ಮಗಳು ಬಂದರು. ಕೋಣೆಗೆ ಬಂದೊಡನೆ ಮಗ, “ಇಷ್ಟು ತಂಪು ಯಾಕೈತಿ?” ಎಂದು ಗೋಡೆಯ ಗುಂಡಿಯನ್ನು ನೋಡಿ, ಮೇಲೆ ಕಿವಿಗೊಟ್ಟು ಆಲಿಸಿ, “ವಾಲ್ವು ಸಿಕ್ಕಿಕೊಂಡೈತಿ” ಎಂದನು. ಫೋನು ಮಾಡಿದನು. ಹತ್ತು ನಿಮಿಷದಲ್ಲಿ ಬೂದು ಬಣ್ಣದ ಅಂಗಿ ತೊಟ್ಟ, ಐವತ್ತು ದಾಟಿದ ಒಬ್ಬರು ಏಣಿ, ಉಪಕರಣಗಳ ಚೀಲ ಹಿಡಿದು ಬಂದರು. ತಲೆ ತಗ್ಗಿಸಿ ‘ಸರ್, ಕ್ಷಮಿಸಿ’ ಎನ್ನುತ್ತ ಒಳಗೆ ಬಂದವರು ತಲೆಯೆತ್ತಿ ನನ್ನ ಮಗನನ್ನು ಕಂಡು ಹಾಗೆಯೇ ನಿಂತುಬಿಟ್ಟರು. ಮಗ ‘ಚೇಟ್ಟಾ’ ಎಂದವನೇ ಹೋಗಿ ಅವರನ್ನು ಅಪ್ಪಿಕೊಂಡನು.

ಅವರು ಕೇರಳದ ಪಾಲಕ್ಕಾಡಿನವರು. ಮಗ ನಮ್ಮನ್ನು ತೋರಿಸಿ, ತಂದೆತಾಯಿ ಎಂದನು. ಅವರು ಕೈಮುಗಿದು ಹಿಂದಿಯಲ್ಲಿ ಸಂತೋಷದಿಂದ ಹೇಳತೊಡಗಿದರು. “ಮಾಸ್ತರ್‌ಜೀ, ನಿಮ್ಮ ಹುಡುಗ ಮೊದಲು ಬಂದಾಗ ನನ್ನ ಏಣಿ ಹಿಡಿಯುತ್ತಿದ್ದ. ಈ ಹೋಟೆಲಿನ ನೆಲಮಾಳಿಗೆಯಲ್ಲಿ ಹದಿನೆಂಟು ತಿಂಗಳು ನಾವು ಜೊತೆಗೆ ಕೆಲಸ ಮಾಡಿದೆವು. ಅಲ್ ಕೂಜ್‌ನಲ್ಲಿ ಒಂದೇ ಕೋಣೆ, ಎಂಟು ಜನ. ಅವನದು ಮೇಲಿನ ಮಂಚ, ನನ್ನದು ಕೆಳಗಿನದು. ರಾತ್ರಿ ಕೆಲಸ ಮುಗಿಸಿ ಬಂದು ಇಂಗ್ಲಿಷು ಓದುತ್ತಿದ್ದ.” ಮಗ ಮಾತು ತಪ್ಪಿಸಲು ನೋಡುತ್ತಿದ್ದನು. ಅವರಿಗೆ ತಿಳಿಯಲಿಲ್ಲ. ಅವರ ಪಾಲಿಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಮಗ ಏಣಿ ಹಿಡಿದನು. ಅವರು ಮೇಲೆ ಹತ್ತಿ ಹಲಗೆ ಸರಿಸಿ ವಾಲ್ವು ಬಿಡಿಸಿದರು. ಅವರಿಬ್ಬರೂ ಒಂದೂ ಮಾತಿಲ್ಲದೆ, ಯಾವ ಉಪಕರಣ ಯಾವಾಗ ಬೇಕೆಂದು ತಿಳಿದು ಕೆಲಸ ಮಾಡಿದ ರೀತಿಯನ್ನು ನಾನು ನೋಡುತ್ತ ಕುಳಿತೆ. ಗಾಳಿ ನಿಂತಿತು. ಕೋಣೆ ಬೆಚ್ಚಗಾಯಿತು. ನನಗೆ ಮಾತ್ರ ಎದೆಯೊಳಗೆ ಏನೋ ತಣ್ಣಗಾಗಿತ್ತು.

ಅಂದು ರಾತ್ರಿ ಊಟವಾದ ಮೇಲೆ ಮಗನನ್ನು ಕರೆದುಕೊಂಡು ಕಡಲ ದಂಡೆಗೆ ಹೋದೆ. “ಎಂಜಿನಿಯರ್ ಅಂತ ಹೇಳಿದ್ದಿ” ಎಂದೆ. ಬಹಳ ಹೊತ್ತಿನ ಮೇಲೆ ಅವನು ಹೇಳಿದನು. ಸೂಪರ್‌ವೈಜರ್ ಕೆಲಸವೆಂದು ಹೇಳಿ ಎಂಬತ್ತು ಸಾವಿರ ರೂಪಾಯಿ ತೆಗೆದುಕೊಂಡಿದ್ದ ದಲ್ಲಾಳಿ ಕೊಡಿಸಿದ್ದು ಹೆಲ್ಪರ್ ಕೆಲಸ. ಸಂಬಳ ತಿಂಗಳಿಗೆ 900 ದಿರ್ಹಮ್. ನೆಲಮಾಳಿಗೆಯಲ್ಲಿ ದೊಡ್ಡ ಯಂತ್ರಗಳು ನೀರನ್ನು ಆರು ಡಿಗ್ರಿಯವರೆಗೆ ತಂಪು ಮಾಡುತ್ತವೆ. ಆ ನೀರು ಕೊಳವೆಗಳಲ್ಲಿ ಹರಿದು ಪ್ರತಿ ಕೋಣೆಯ ಮೇಲ್ಛಾವಣಿಗೆ ಹೋಗಿ ಗಾಳಿಯನ್ನು ತಣಿಸಿ ಮತ್ತೆ ಕೆಳಗೆ ಬರುತ್ತದೆ. ತಂಪೆಲ್ಲ ಕೋಣೆಗಳಿಗೆ, ಅಲ್ಲಿಂದ ಹೊರತೆಗೆದ ಬಿಸಿಯೆಲ್ಲ ಮಾಳಿಗೆಯ ಮೇಲಿನ ಯಂತ್ರಗಳಿಗೆ. ಜುಲೈ ತಿಂಗಳಲ್ಲಿ ಹೊರಗೆ 45 ಡಿಗ್ರಿ ಇರುವಾಗ ಆ ಮಾಳಿಗೆಯ ಮೇಲೆ ನಿಂತು ಕೆಲಸ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂದು ಅಲ್ಲಿ ನಿಯಮವಿದೆ. “ಆ ಎರಡೂವರೆ ತಾಸು ನೀರಿನ ಟಾಕಿ ನೆರಳಿನಾಗ ಮಲಗತಿದ್ದಿವಿ. ಅಷ್ಟು ಛಲೋ ನಿದ್ದಿ ಆಮ್ಯಾಲ ಎಂದೂ ಬಂದಿಲ್ಲ ನೋಡ್ರಿ” ಎಂದು ನಗಲು ಯತ್ನಿಸಿದನು.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ವಾಪಸ್ ಬಾ ಅಂತಿದ್ರಿ. ಸೊಸೈಟಿ ಸಾಲ ಇತ್ತು. ಅಕ್ಕನ ಮದುವಿ ಇತ್ತು.”

ಓದುಗ ಬಂಧುಗಳೆ, ಆಗ ನನಗೆ ನೆನಪಾದುದನ್ನು ಮುಚ್ಚಿಡಲಾರೆ. 2011ರಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಅವನು ತಿಂಗಳಿಗೆ ಎಂಟು ಸಾವಿರ ರೂಪಾಯಿ ಕಳಿಸುತ್ತಿದ್ದನು. ನಾನು ಫೋನಿನಲ್ಲಿ, “ದುಬೈದಾಗ ಇದ್ದು ಇಷ್ಟೇ ಏನು? ಮಂದಿ ಮಕ್ಕಳು ಮನಿ ಕಟ್ಟಸಾಕತ್ತಾರ” ಎಂದಿದ್ದೆ. ಒಮ್ಮೆಯಲ್ಲ, ಹಲವು ಸಲ. ಅಂದಿನ ಬೆಲೆಯಲ್ಲಿ 900 ದಿರ್ಹಮ್ ಎಂದರೆ ಹನ್ನೊಂದು ಸಾವಿರ ರೂಪಾಯಿ ಚಿಲ್ಲರೆ. ಎಂಟು ಸಾವಿರ ಕಳಿಸಿ ಉಳಿದ ಮೂರು ಸಾವಿರದಲ್ಲಿ ಅವನು ಏನು ಉಂಡನು, ಏನು ಉಟ್ಟನು? ಮೂವತ್ತು ವರುಷ ಮಕ್ಕಳಿಗೆ ನಕಾಶೆಯಲ್ಲಿ ಅರಬ್ಬೀ ಸಮುದ್ರವನ್ನು ತೋರಿಸಿದ ಮಾಸ್ತರನು ಅದರಾಚೆ ಇದ್ದ ಸ್ವಂತ ಮಗ ಎಲ್ಲಿ ಮಲಗುತ್ತಾನೆಂದು ಒಂದು ದಿನವೂ ಕೇಳಲಿಲ್ಲ. ‘ಆರಾಮ ಇದ್ದೀನಿ’ ಎಂಬ ಅವನ ಮಾತು ನನಗೆ ಸಾಕಾಗಿತ್ತು. ಏಕೆಂದರೆ ಅದನ್ನು ನಂಬುವುದು ನನಗೆ ಅನುಕೂಲವಾಗಿತ್ತು.

ಈಗ ಅವನು ಬೇರೊಂದು ಕಂಪನಿಯಲ್ಲಿ ಕಟ್ಟಡಗಳ ನಿರ್ವಹಣೆಯ ಮುಖ್ಯಸ್ಥನಾಗಿದ್ದಾನೆ. ಅದು ಅವನ ದುಡಿಮೆಯ ಫಲ. “ಅಪ್ಪಾ, ಹದಿನೆಂಟು ತಿಂಗಳು ನಾನು ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದ ಹೋದೆ. ಮುಂದಿನ ಬಾಗಿಲಿಂದ ನಿಮ್ಮನ್ನ ಕರಕೊಂಡು ಬರಬೇಕು ಅಂತ ಆವಾಗನ ಅಂದುಕೊಂಡಿದ್ದೆ. ಅಷ್ಟ” ಎಂದನು. ನಾನು ಅವನ ಕೈ ಹಿಡಿದುಕೊಂಡೆ. “ತಪ್ಪಾತು ಮಗನ” ಎಂದೆ. ತಂದೆಯಾದವನು ಮಗನೆದುರು ಈ ಮಾತು ಆಡುವುದು ನಮ್ಮಲ್ಲಿ ರೂಢಿಯಲ್ಲ. ಅವನು, “ಬಿಡ್ರಿ ಅಪ್ಪಾ” ಎಂದು ನನ್ನ ಕೈಯನ್ನು ಬಿಡದೆ ನಡೆದನು.

ಮರುದಿನ ಹೊರಡುವ ಮುನ್ನ ಬಿಲ್ಲು ಬಂದಿತು. ಕೋಣೆಯ ಬಾಡಿಗೆಯ ಜೊತೆಗೆ ಶೇಕಡಾ 5ರ ತೆರಿಗೆ, ರಾತ್ರಿಯೊಂದಕ್ಕೆ 20 ದಿರ್ಹಮ್ ಪ್ರವಾಸಿ ಶುಲ್ಕ ಎಂದೆಲ್ಲ ಬರೆದಿತ್ತು. ಮೊತ್ತವನ್ನು ಮಗ ಕೈಯಿಂದ ಮುಚ್ಚಿದನು. ಹಿಂದಿನ ದಿನವಾಗಿದ್ದರೆ ನಾನು ದಿರ್ಹಮಿಗೆ 22 ರೂಪಾಯಿಯಂತೆ ಲೆಕ್ಕ ಹಾಕಿ ಗೊಣಗುತ್ತಿದ್ದೆ. ಅಂದು ಕೇಳಲಿಲ್ಲ.

“ಹಿಂದಿನ ಬಾಗಿಲ ತೋರಿಸು” ಎಂದೆ. ಕಟ್ಟಡವನ್ನು ಸುತ್ತಿ ಹೋದೆವು. ಹೂಗಿಡಗಳ ಬೇಲಿಯ ಮರೆಯಲ್ಲಿ ಒಂದು ಇಳಿಜಾರು, ಅದರ ಕೊನೆಗೆ ಅಗಲವಾದ ಕಬ್ಬಿಣದ ಬಾಗಿಲು. ಕೆಲಸಗಾರರ ಬಸ್ಸು ಆಗಷ್ಟೇ ಬಂದಿತ್ತು. ನಮ್ಮವರು, ನೇಪಾಳದವರು, ಫಿಲಿಪೈನ್ಸಿನವರು, ಆಫ್ರಿಕಾದ ಕಡೆಯವರು ಒಬ್ಬೊಬ್ಬರಾಗಿ ಇಳಿದು, ಗುರುತಿನ ಚೀಟಿ ಯಂತ್ರಕ್ಕೆ ಹಿಡಿದು ಒಳಗೆ ಹೋಗುತ್ತಿದ್ದರು. ಒಂದು ಬದಿಗೆ ತರಕಾರಿಯ ಪೆಟ್ಟಿಗೆಗಳು, ಇನ್ನೊಂದು ಬದಿಗೆ ಮೈಲಿಗೆ ಬಟ್ಟೆಯ ಗಾಡಿಗಳು. ಎರಡು ದಿನ ನಮ್ಮನ್ನು ಸಾಕಿದ ಮನೆಯ ಅಡುಗೆಮನೆ, ಹಿತ್ತಲು ಎಲ್ಲವೂ ಇಲ್ಲಿತ್ತು.

ರಾತ್ರಿ ಪಾಳಿ ಮುಗಿಸಿದ ಪಾಲಕ್ಕಾಡಿನವರು ನಮ್ಮನ್ನು ಕಂಡು ಓಡಿ ಬಂದರು. ನನ್ನ ಹೆಂಡತಿ ಊರಿನಿಂದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಕಟ್ಟಿಕೊಂಡು ಬಂದಿದ್ದಳು. ಅಷ್ಟು ದೊಡ್ಡ ಹೋಟೆಲಿನಲ್ಲಿ ಅದನ್ನು ಬಿಚ್ಚಲು ನಾಚಿ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದಳು. ಈಗ ಅದನ್ನು ತೆಗೆದು ಅವರ ಕೈಗಿಟ್ಟು, “ನನ್ನ ಮಗನ ನೋಡಿಕೊಂಡೀರಿ” ಎಂದಳು. ಆಕೆಗೆ ಹಿಂದಿ ಬರದು, ಅವರಿಗೆ ಕನ್ನಡ ಬರದು. ಅವರು ಅಲ್ಲಿಯೇ ಡಬ್ಬಿ ತೆರೆದು ಒಂದು ಹೋಳಿಗೆಯನ್ನು ಮುರಿದು, ಅರ್ಧವನ್ನು ನನ್ನ ಮಗನಿಗೆ ಕೊಟ್ಟರು. ನಿಂತಲ್ಲಿಯೇ ಇಬ್ಬರೂ ತಿಂದರು. ಹಿಂದೆಯೂ ಅವರು ಹೀಗೆಯೇ ಹಂಚಿಕೊಂಡು ತಿನ್ನುತ್ತಿದ್ದಿರಬೇಕು.

ಆ ಹೋಟೆಲಿನವರ ಸತ್ಕಾರದಲ್ಲಿ ನಾನು ಕೊರತೆ ಹೇಳಲಾರೆ. ದುಡಿಮೆಗೆ ಕೂಲಿ ಕೊಡುವ ನಾಡು ಅದು. ಆ ಕೂಲಿಯಿಂದಲೇ ನಮ್ಮ ಸಾಲ ತೀರಿತು, ಮಗಳ ಮದುವೆಯಾಯಿತು. ನಾನು ದೂರುವುದಿದ್ದರೆ ನನ್ನನ್ನೇ. ದೂರದೇಶದಿಂದ ಹಣ ಬಂದಾಗ ನಾವು ಅದನ್ನು ಎಣಿಸುತ್ತೇವೆ, ಊರಲ್ಲಿ ಹೇಳಿಕೊಳ್ಳುತ್ತೇವೆ. ಕಳಿಸಿದ ಕೈ ಹೇಗಿದೆಯೆಂದು ಕೇಳುವುದಿಲ್ಲ. ನಿಮ್ಮ ಮಗನೋ ಮಗಳೋ ಹೊರನಾಡಿನಲ್ಲಿದ್ದರೆ, ಮುಂದಿನ ಸಲ ಫೋನು ಬಂದಾಗ ಹಣದ ಮಾತಿಗೆ ಮೊದಲು ಎರಡು ಪ್ರಶ್ನೆ ಕೇಳಿರಿ: ಎಲ್ಲಿ ಮಲಗುತ್ತೀ? ಇವತ್ತು ಏನು ಉಂಡೆ? ‘ಆರಾಮ ಇದ್ದೀನಿ’ ಎಂದು ಅವರು ಹೇಳಿದರೆ ಅಷ್ಟಕ್ಕೇ ಬಿಡದೆ ಇನ್ನೊಮ್ಮೆ ಕೇಳಿರಿ.